ತಲೆ ಬಾಚುವ ಹಾಡು

ಹೊಸ ಆಲ್ಬಮ್ಮಿನಲ್ಲಿರುವುದೆಲ್ಲ ತನ್ನದೇ ಬದುಕು ಎಂದು ಗಾಯಕಿ ಊರಿಗೆಲ್ಲ ಸಾರಿದ್ದಳು. ಜನ ಕಣ್ಣೀರಿಟ್ಟದ್ದು ಒಂದು ಹಾಡಿಗೆ: ಸಾಯುತ್ತಿರುವ ಅಮ್ಮನ ಪಕ್ಕ ಕೂತು ಮಗಳು ತಲೆ ಬಾಚುವ ಹಾಡು. ಅಸಲಿಗೆ ಆಗ ಅವಳು ಊರೂರು ಸುತ್ತಿ ಚಪ್ಪಾಳೆ ಗಿಟ್ಟಿಸುತ್ತಿದ್ದಳು. ಅಮ್ಮನ ಮಣ್ಣಾದ ಮೇಲೆ ಬಂದು ಮುಖ ತೋರಿಸಿದ್ದಳು. ಆಸ್ಪತ್ರೆಯಲ್ಲಿ ಹಗಲೂ ರಾತ್ರಿ ಕೂತವಳು ಅಕ್ಕ.

ಅಕ್ಕ ಒಗೆದ ಬಟ್ಟೆ ಮಡಚುತ್ತಲೇ ಹಾಡು ಕೇಳಿದಳು. ಗಾಯಕಿ ಅವಳ ಮುಖವನ್ನೇ ನೋಡುತ್ತಿದ್ದಳು. ಬೈದುಬಿಟ್ಟರೆ ಸಾಕಿತ್ತು.

"ರಾಗ ಚೆನ್ನಾಗಿದೆ," ಎಂದಳು ಅಕ್ಕ. "ಆದ್ರೆ ಕೊನೆಕೊನೆಗೆ ಅಮ್ಮನ ತಲೇಲಿ ಒಂದು ಕೂದಲೂ ಇರ್ಲಿಲ್ಲ ಕಣೇ. ನೀನು ವಿಡಿಯೋ ಕಾಲ್ ಮಾಡಿದಾಗೆಲ್ಲ ಚಳಿ ಅಂತ ಸ್ಕಾರ್ಫ್ ಸುತ್ಕೊಂಡು ಕೂರ್ತಿದ್ಲಲ್ಲ, ಅದು ನೀನು ಹಾಡೋದು ಕೆಡಬಾರ್ದು ಅಂತ."