ನಾಯಕನ ತೋಳುಪಟ್ಟಿ

ಹನ್ನೆರಡು ವರ್ಷದಲ್ಲಿ ಫುಟ್‌ಬಾಲ್ ಮೈದಾನದಲ್ಲಿ ನಾನು ಆಡದ ಜಾಗವಿಲ್ಲ. ಎಡಗಡೆಯ ಡಿಫೆಂಡರ್ ಗಾಯಗೊಂಡರೆ ಎಲೋಯ್, ನಡುಮೈದಾನದಲ್ಲಿ ಆಳು ಕಮ್ಮಿಯಾದರೆ ಎಲೋಯ್. ಒಮ್ಮೆ ಗೋಲ್‌ಕೀಪರ್ ಕೆಂಪು ಕಾರ್ಡ್ ತಿಂದು ಹೊರನಡೆದಾಗ ಅವನ ಒದ್ದೆ ಕೈಗವಸು ಹಾಕಿಕೊಂಡು ಇಪ್ಪತ್ತು ನಿಮಿಷ ಗೋಲು ಕಾದವನೂ ನಾನೇ. ಹುಡುಗರು ನನ್ನನ್ನು ಇಸ್ಪೀಟಿನ ಜೋಕರ್ ಎನ್ನುತ್ತಿದ್ದರು. ಅನ್ನಲಿ ಬಿಡಿ. ನನಗೆ ಬೇಕಾಗಿದ್ದು ಒಂದೇ, ಎಂದಾದರೂ ನಾಯಕನ ಪಟ್ಟಿ ನನ್ನ ತೋಳಿಗೆ ಬರಬೇಕು.

ಆಸ್ತೂರಿಯಾಸ್ ಕಣಿವೆಯ ನಮ್ಮ ಕ್ಲಬ್ಬಿನಲ್ಲಿ ಆಟ ನೋಡಿ ನಾಯಕನನ್ನು ಆರಿಸುವುದಿಲ್ಲ. ಯಾರು ಹೆಚ್ಚು ವರ್ಷದಿಂದ ಇದ್ದಾರೋ ಅವರಿಗೆ ಪಟ್ಟಿ. ಈ ಬೇಸಿಗೆಯಲ್ಲಿ ಹಳೆಯ ನಾಯಕ ನಿವೃತ್ತನಾದ. ಮುಂದಿನ ಸರದಿ ನನ್ನದು. ನನಗಿಂತ ಒಂದೇ ತಿಂಗಳು ತಡವಾಗಿ ಸೇರಿದವನು ಫ್ರೊಯ್ಲಾನ್, ನನ್ನ ಪಕ್ಕದ ಮನೆಯವನು. ನಮ್ಮಿಬ್ಬರ ಅಪ್ಪಂದಿರು ಒಂದೇ ಗಣಿಗೆ ಇಳಿದವರು.

ಬಟ್ಟೆ ಬದಲಿಸುವ ಕೋಣೆಯಲ್ಲಿ ಎಲ್ಲರೂ ಕೂತಿದ್ದಾಗ ಕಾರ್ಯದರ್ಶಿ ತಕರಾರು ತೆಗೆದ. ಆರು ವರ್ಷದ ಹಿಂದೆ ನಾನು ಅರ್ಧ ವರ್ಷ ದೂರದ ದಕ್ಷಿಣದ ಅಲ್ಮೇರಿಯಾ ಕಡೆಯ ತಂಡವೊಂದಕ್ಕೆ ಎರವಲು ಆಟಗಾರನಾಗಿ ಹೋಗಿದ್ದೆ. ಕ್ಲಬ್ಬೇ ಕಳಿಸಿದ್ದರೆ ಅಡ್ಡಿಯಿಲ್ಲ. ನಾನಾಗಿಯೇ ಹೋಗಿದ್ದರೆ ಆ ಅರ್ಧ ವರ್ಷವನ್ನು ಲೆಕ್ಕದಿಂದ ಕಳೆಯಬೇಕು, ಪಟ್ಟಿ ಫ್ರೊಯ್ಲಾನನಿಗೆ. ಎರವಲಿನ ಕಾಗದದಲ್ಲಿ ನನ್ನದೇ ಕೈಬರಹ: ನನ್ನ ಕೋರಿಕೆಯ ಮೇರೆಗೆ.

ಬರೆದದ್ದು ನಾನೇ. ಆದರೆ ಆಗಿನ ಕೋಚ್ ಕಳಿಸಬೇಕೆಂದಿದ್ದದ್ದು ಫ್ರೊಯ್ಲಾನನನ್ನು. ಅವನ ಅಪ್ಪ ಗಣಿಯ ಧೂಳು ಕುಡಿದು ಕುಡಿದು ಉಸಿರಾಡಲಾಗದೆ ಹಾಸಿಗೆ ಹಿಡಿದಿದ್ದರು. ಅವರನ್ನು ಬಿಟ್ಟು ಹೇಗೆ ಹೋಗಲಿ ಎಂದು ಅವನು ಸೇಬಿನ ಮದ್ಯದಂಗಡಿಯ ಹಿತ್ತಲಲ್ಲಿ ನನ್ನ ಕೈ ಹಿಡಿದು ಅತ್ತ. ಮರುದಿನವೇ ನಾನು ಕೋಚ್ ಬಳಿ ಹೋಗಿ, ಆಡಲು ಹೆಚ್ಚು ಅವಕಾಶ ಬೇಕು, ನನ್ನನ್ನೇ ಕಳಿಸಿ ಎಂದೆ. ಆ ಕೋಚ್ ಈಗ ಬದುಕಿಲ್ಲ, ಫ್ರೊಯ್ಲಾನನ ಅಪ್ಪನೂ ಇಲ್ಲ. ನಿಜ ಗೊತ್ತಿದ್ದವರು ನಾವಿಬ್ಬರೇ.

ಇದ್ದದ್ದನ್ನು ಇದ್ದಂತೆ ಹೇಳಿದೆ. ಎಲ್ಲರ ಕಣ್ಣು ಫ್ರೊಯ್ಲಾನನ ಕಡೆ ತಿರುಗಿತು. ನಾನಂತೂ ನಿಶ್ಚಿಂತೆಯಿಂದ ಬೂಟಿನ ಲೇಸು ಕಟ್ಟಿಕೊಳ್ಳುತ್ತಿದ್ದೆ.

“ಇವ್ನು ಹೇಳ್ತಿರೋದು ನಿಜಾನೇನಪ್ಪ?” ಕಾರ್ಯದರ್ಶಿ ಕೇಳಿದ.

ಫ್ರೊಯ್ಲಾನ್ ನೆಲ ನೋಡುತ್ತಾ ಹೇಳಿದ: “ಎಲೋಯ್ ಒಳ್ಳೇವ್ನೇ. ಆದ್ರೆ ಅಲ್ಲಿ ಜಾಸ್ತಿ ಆಡೋಕೆ ಸಿಗುತ್ತೆ ಅಂತ ಅವ್ನೇ ಹೋಗಿದ್ದು. ಸತ್ತಿರೋ ನಮ್ಮಪ್ಪನ್ನ ಇದ್ರಲ್ಲಿ ಯಾಕೆ ಎಳೀತಾನೋ ಗೊತ್ತಿಲ್ಲ.”

ಯಾರೋ ಛೆ ಎಂದರು, ನನ್ನನ್ನು ನೋಡಿ. ನನ್ನ ಮೈಯೆಲ್ಲ ಉರಿದುಹೋಯಿತು. ಪಟ್ಟಿ ಹಾಳಾಗಲಿ, ಚಡ್ಡಿ ದೋಸ್ತಿ ಹತ್ತು ಜನರೆದುರು ನನ್ನನ್ನು ಸುಳ್ಳುಗಾರನನ್ನಾಗಿ ಮಾಡಿ ಕೂರಿಸಿದ್ದ. ಹೆಣದ ಹೆಸರು ಹೇಳಿ ಪಟ್ಟಿ ಬೇಡುವವನು ನಾನಾದೆ.

ನಮ್ಮಲ್ಲಿ ನಾಯಕನಿಗೆ ಪಟ್ಟಿ ಕಟ್ಟುವುದು ಎರಡನೆಯ ನಾಯಕನ ಕೆಲಸ. ಪಟ್ಟಿ ಫ್ರೊಯ್ಲಾನನ ಪಾಲಾದ್ದರಿಂದ ಈಗ ಅದು ನನ್ನದು. ಭಾನುವಾರ ಮೈದಾನಕ್ಕೆ ಇಳಿಯುವ ಮುಂಚೆ ಅವನು ತೋಳು ಚಾಚಿದ. ನಾನು ಬಗ್ಗಿದಾಗ ಕಿವಿಯಲ್ಲಿ, “ಬೇಜಾರು ಮಾಡ್ಕೋಬೇಡ್ವೋ, ನನ್ ತೋಳಲ್ಲಿ ಇದನ್ನ ನನ್ ಮಗ ನೋಡ್ಲಿ ಅಂತ ಆಸೆ ಇತ್ತು ಕಣೋ,” ಎಂದ.

ನಾನು ಪಟ್ಟಿಗೆ ಎರಡೆರಡು ಗಂಟು ಬಿಗಿದೆ. ಆಟದ ನಡುವೆ ಬಿಚ್ಚಿಕೊಂಡರೆ ಮತ್ತೆ ಅವನ ಮೈ ಮುಟ್ಟಬೇಕಾಗುತ್ತಿತ್ತು.