ಹತ್ತಕ್ಕೆ ಎರಡು

ನಾನು ಹಲ್ಲಿನ ಸೆಟ್ಟು ಮಾಡುವವಳು. ಡಾಕ್ಟರಲ್ಲ. ಡಾಕ್ಟರು ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ, ನಾನು ನನ್ನ ಕೋಣೆಯಲ್ಲಿ ಕೂತು ಹಲ್ಲು ಜೋಡಿಸುತ್ತೇನೆ. ಮೂವತ್ತು ವರ್ಷದಿಂದ ಇದೇ ಕೆಲಸ. ಗೋಡೆಯ ಹಲಗೆಗಳ ತುಂಬ ಪ್ಲಾಸ್ಟರಿನ ದವಡೆಗಳು, ಮೇಜಿನ ಮೇಲೆ ಗುಲಾಬಿ ಬಣ್ಣದ ಮೇಣ, ಒಂದು ಸ್ಪಿರಿಟ್ ದೀಪ. ಇಂಥ ಕೋಣೆಗೆ ಖುಷಿಯಿಂದ ಬರುತ್ತಿದ್ದವರು ಇಬ್ಬರೇ. ಒಬ್ಬರು ಮೇಷ್ಟ್ರು, ಮಕ್ಕಳಿಗೆ ಭೂಗೋಳ ಹೇಳಿಕೊಟ್ಟು ರಿಟೈರ್ ಆದವರು. ಇನ್ನೊಬ್ಬ ಡ್ರೈವರ್, ಸಿಟಿ ಬಸ್ಸಿನವನು, ನನಗಿಂತ ನಾಲ್ಕು ವರ್ಷ ಚಿಕ್ಕವನು, ನನ್ನನ್ನು ಬಾಯಿ ತುಂಬ ಅಕ್ಕಾ ಎನ್ನುತ್ತಿದ್ದವನು. ಈಗ ಮೇಷ್ಟ್ರು ಮಾತ್ರ ಬರುತ್ತಾರೆ. ಬಂದು ಸುಮ್ಮನೆ ಕೂತು ಹೋಗುತ್ತಾರೆ.

ನಮ್ಮನ್ನು ಒಟ್ಟು ಮಾಡಿದ್ದು ಕೆಟ್ಟ ಸಿನಿಮಾ. ಒಳ್ಳೆಯದನ್ನು ನೋಡುವುದಕ್ಕೆ ಊರಿಗೆ ಊರೇ ಇದೆ. ಕೆಟ್ಟದ್ದನ್ನೂ ಯಾರಾದರೂ ನೋಡಬೇಕಲ್ಲ, ಅದೂ ಪಾಪ ಯಾರದೋ ದುಡಿಮೆ. ಪಕ್ಕದ ಬೀದಿಯ ಸಿನಿಮಾ ಡಿಸ್ಕ್ ಅಂಗಡಿ ಮುಚ್ಚಿದಾಗ ಯಾರಿಗೂ ಬೇಡವಾಗಿ ಉಳಿದ ಒಂದು ಮೂಟೆಯನ್ನು ಡ್ರೈವರ್ ಹೆಗಲ ಮೇಲೆ ಹೊತ್ತು ತಂದ. ಆಮೇಲೆ ಏಳು ವರ್ಷ, ಪ್ರತಿ ಶನಿವಾರ ಮಧ್ಯಾಹ್ನ, ಅವನ ಬೆಳಗಿನ ಪಾಳಿ ಮುಗಿಯುತ್ತಲೇ ನನ್ನ ಕೋಣೆಯ ಟಿವಿಯಲ್ಲಿ ನಮ್ಮ ಆಟ ಶುರು. ಒಂದು ಸಿನಿಮಾದಲ್ಲಿ ಅವಳಿ ಜವಳಿ ಅಣ್ಣತಮ್ಮಂದಿರು, ಅರ್ಧ ಕಥೆ ಆಗುವಷ್ಟರಲ್ಲಿ ಅಣ್ಣನ ಮೀಸೆ ತಮ್ಮನಿಗೆ ಬಂದುಬಿಟ್ಟಿತ್ತು. ಇನ್ನೊಂದರಲ್ಲಿ ಹುಟ್ಟುಕುರುಡಿ ತಾಯಿ ಮಗನನ್ನು ಕಂಡೊಡನೆ ಶರ್ಟು ಕೊಳೆಯಾಗಿದೆ ಬಿಚ್ಚು ಎನ್ನುತ್ತಾಳೆ. ಡ್ರೈವರ್ ಅವತ್ತು ನಕ್ಕು ನಕ್ಕು ನನ್ನ ಸ್ಟೂಲಿನಿಂದ ಕೆಳಗೆ ಬಿದ್ದಿದ್ದ. ಹೊಟ್ಟೆ ಹುಣ್ಣಾಗುವ ಹಾಗೆ ನಗುತ್ತಿದ್ದೆವು, ಸುಳ್ಳಲ್ಲ.

ಸಿನಿಮಾ ಮುಗಿದ ಮೇಲೆ ಇನ್ನೊಂದು ಪದ್ಧತಿ ಇತ್ತು. ಒಬ್ಬೊಬ್ಬರೇ ಎದ್ದು, ಕೋಣೆಯ ಕಿಟಕಿಯ ಪರದೆ ಮುಂದೆ ನಿಂತು, ಒಂದು ಹಳಸಲು ಸೀನನ್ನು ಮಾಡಿ ತೋರಿಸಬೇಕು. ಎಷ್ಟು ಕೆಟ್ಟದಾಗಿ ಮಾಡಿದರೆ ಅಷ್ಟು ಮಾರ್ಕು, ಹತ್ತಕ್ಕೆ. ಮಾರ್ಕು ಹೇಳುವವಳು ನಾನು, ಬರೆದುಕೊಳ್ಳುವವರು ಮೇಷ್ಟ್ರು. ಮೇಷ್ಟ್ರ ಹತ್ತಿರ ಇದಕ್ಕೆಂದೇ ಒಂದು ನೋಟ್‌ಬುಕ್ಕು. ಅದರಲ್ಲಿ ತಾರೀಕು, ಯಾರು, ಏನು ಸೀನು, ಎಷ್ಟು ಮಾರ್ಕು, ಕೊನೆಗೆ ಕೆಂಪು ಪೆನ್ನಿನಲ್ಲಿ ತಪ್ಪೇನು ಎಂದು ಒಂದು ಸಾಲು. ಪಾಠ ಬಿಟ್ಟರೂ ಕೆಂಪು ಪೆನ್ನು ಬಿಟ್ಟಿರಲಿಲ್ಲ. ಸಾಯುವ ಸೀನೆಲ್ಲ ಡ್ರೈವರನ ಪಾಲು. ಪರದೆ ಹಿಡಿದು ಜೋತು ಬಿದ್ದು, ಕೆಮ್ಮಿ, ಕಣ್ಣು ಮೇಲೆ ಮಾಡಿ, ಸತ್ತ ಮೇಲೂ ಎದ್ದು ಎರಡು ಮಾತು ಹೇಳಿ ಮತ್ತೆ ಸಾಯುತ್ತಿದ್ದ. ಅವನಿಗೆ ಎಂಟಕ್ಕಿಂತ ಕಡಿಮೆ ಬಂದದ್ದೇ ಇಲ್ಲ.

ಒಂದು ಶನಿವಾರ ತನ್ನ ಸರದಿಗೆ ಎದ್ದವನು ಪರದೆ ಮುಟ್ಟಲಿಲ್ಲ. ಎರಡೂ ಕೈ ಪ್ಯಾಂಟಿನ ಜೇಬಿನಲ್ಲಿಟ್ಟು ನೆಟ್ಟಗೆ ನಿಂತ.

"ನಂಗೆ ಹೊಟ್ಟೇಲಿ ಗಡ್ಡೆ ಆಗಿದೆಯಂತೆ ಅಕ್ಕಾ. ಡಾಕ್ಟರು ಮೂರು ತಿಂಗಳು ಅಂದ್ರು. ನನಗೊಬ್ಬಳು ಮಗಳಿದಾಳೆ. ಬಸ್ ಸ್ಟ್ಯಾಂಡ್ ಹಿಂದೆ ಮೂರು ಮಹಡಿ ಬಟ್ಟೆ ಅಂಗಡಿ ಇದೆಯಲ್ಲ, ಅದರ ಮೇಲಿನ ಮಹಡೀಲಿ ಆಲ್ಟರೇಶನ್ ಮಾಡ್ತಾಳೆ. ನಾನು ಹೋದ್ರೆ ಮುಖ ಕೊಟ್ಟು ಮಾತಾಡಲ್ಲ. ನೀವು ಹೋಗಿ ಒಂದ್ಸಲ ಕರ್ಕೊಂಡು ಬರ್ತೀರಾ?"

ಡಾಕ್ಟರು, ಮೂರು ತಿಂಗಳು, ಮಗಳು. ಈ ಮೂರು ಮಾತು ಒಟ್ಟಿಗೆ ಕಿವಿಗೆ ಬಿದ್ದರೆ ನಗುವುದಕ್ಕೆ ಏಳು ವರ್ಷದಿಂದ ಪಳಗಿದವರು ನಾವು. ಅದೂ ಅಲ್ಲದೆ ಅವನಿಗೆ ಮಗಳಿರುವ ಸುದ್ದಿಯೇ ನಮಗೆ ಗೊತ್ತಿರಲಿಲ್ಲ. ಒಂಟಿ ಎತ್ತಿನ ಹಾಗೆ ಡಿಪೋ ಹಿಂದಿನ ಒಂದೇ ಕೋಣೆಯಲ್ಲಿ ಇರುತ್ತಿದ್ದವನು. ಎಲ್ಲಿಂದ ಬಂದಳು ಮಗಳು? ಮೇಷ್ಟ್ರು ಆಗಲೇ ತುಟಿ ಕಚ್ಚಿಕೊಂಡು ನಗು ತಡೆಯುತ್ತಿದ್ದರು. ನಾನು ನ್ಯಾಯಾಧೀಶೆಯ ಹಾಗೆ ಕತ್ತು ಕೊಂಕಿಸಿ ತೀರ್ಪು ಕೊಟ್ಟೆ.

"ಎರಡು. ಮುಖದಲ್ಲಿ ಏನೂ ಇಲ್ಲ, ಕೆಮ್ಮಿಲ್ಲ, ಕಣ್ಣೀರಿಲ್ಲ. ಸಾಯೋನು ಯಾರಾದ್ರೂ ಹೀಗೆ ಅಂಗಡಿ ಅಡ್ರೆಸ್ಸು ಹೇಳ್ತಾನೇನಯ್ಯಾ?"

ಅವನು ನನ್ನ ಮುಖವನ್ನೇ ಒಂದು ಗಳಿಗೆ ನೋಡಿದ. ಆಮೇಲೆ ನಕ್ಕ. ಸರಿ, ಇನ್ನೊಂದು ಸಲ ಮಾಡುತ್ತೇನೆ ಎಂದು ಪರದೆ ಹಿಡಿದು ಕೆಮ್ಮಿದ, ಮಗಳೇ ಮಗಳೇ ಎಂದು ಗೋಡೆಗೆ ಕೈ ಚಾಚಿದ, ದವಡೆಗಳ ಹಲಗೆಗೆ ಹಣೆ ತಾಗಿಸಿಕೊಂಡು ಪ್ರಾಣ ಬಿಟ್ಟ. ಹತ್ತಕ್ಕೆ ಹತ್ತು ಕೊಟ್ಟೆವು. ಮೇಷ್ಟ್ರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅವನು ಬೆವರು ಒರೆಸಿಕೊಂಡು ಬಹಳ ಹೊತ್ತು ಸ್ಟೂಲಿನ ಮೇಲೆ ಕೂತಿದ್ದ.

ಒಂದು ವಾರ ಬಿಟ್ಟು ಬುಧವಾರ ಒಬ್ಬನೇ ಬಂದ. ಅವನ ಮೇಲಿನ ಸೆಟ್ಟು ನಾನೇ ಮಾಡಿಕೊಟ್ಟದ್ದು. ಸಡಿಲವಾಗಿದೆ, ಮಾತಾಡಿದರೆ ಜಾರುತ್ತದೆ ಎಂದ. ನೋಡಿದೆ. ವಸಡು ಇಳಿದಿತ್ತು, ಕೆನ್ನೆ ಒಳಗೆ ಹೋಗಿತ್ತು. ಸೆಟ್ಟು ಅಷ್ಟು ಬೇಗ ಸಡಿಲವಾಗುವುದು ಮನುಷ್ಯ ಕರಗುತ್ತಿದ್ದಾಗ ಮಾತ್ರ. ಮೂವತ್ತು ವರ್ಷ ಬಾಯಿ ನೋಡಿಕೊಂಡೇ ಅನ್ನ ತಿಂದ ನನಗೆ ಅದು ಗೊತ್ತಾಗಬೇಕಿತ್ತೋ ಇಲ್ಲವೋ? ನಾನು ಮಾಡಿದ್ದೇನು, ಹೊತ್ತು ಹೊತ್ತಿಗೆ ಉಂಡು ಸಾಯಬಾರದೇನೋ ಎಂದು ಬೈದೆ. ಒಳಗೆ ಹೊಸ ಪದರ ಹಾಕಿ ಸರಿಮಾಡಿ ಕೊಟ್ಟೆ. ಅವನು ಹಾಕಿಕೊಂಡು, ಹೊಸಲಿನ ತನಕ ಹೋಗಿ, ತಿರುಗಿ ನಿಂತ. ಅಕ್ಕಾ, ಮೊನ್ನೆ ಹೇಳಿದ್ನಲ್ಲ, ಎಂದು ಶುರು ಮಾಡಿದ.

"ಹತ್ತು ಕೊಟ್ಟಾಯ್ತಲ್ಲ ಮಾರಾಯಾ, ಇನ್ನೇನು ನನ್ನ ತಲೆ ಕೊಡ್ಲಾ?" ಎಂದೆ ನಾನು. ಮೇಣ ಕಾಯುತ್ತಿತ್ತು, ಕೆಲಸದ ಅವಸರ.

ಅವನು ನಕ್ಕು ಹೋದ. ನಗುತ್ತಿರುವವರನ್ನು ತಡೆದು ನಿಲ್ಲಿಸುವುದು ಅವನಿಗೆ ಬರುತ್ತಿರಲಿಲ್ಲ. ಅವನ ಸ್ವಭಾವದಲ್ಲಿದ್ದ ತಪ್ಪು ಅದೊಂದೇ. ನನ್ನ ಸ್ವಭಾವದ ತಪ್ಪುಗಳನ್ನು ಎಣಿಸುವುದಕ್ಕೆ ಕೂತರೆ ಇವತ್ತು ಮುಗಿಯುವುದಿಲ್ಲ.

ಮತ್ತೆ ನಾಲ್ಕು ಶನಿವಾರ ಬಂದ. ಗೋಡೆಗೆ ಒರಗಿ ಕೂರುತ್ತಿದ್ದ, ನಮ್ಮ ಜೊತೆ ನಗುತ್ತಿದ್ದ, ಸೀನು ಮಾಡು ಎಂದರೆ ಇವತ್ತು ನೀವು ಮಾಡಿ ಎನ್ನುತ್ತಿದ್ದ. ಐದನೆಯ ವಾರ ಬರಲಿಲ್ಲ, ಆರನೆಯ ವಾರವೂ ಇಲ್ಲ, ಫೋನು ಬಂದ್. ಪಾಳಿ ಬದಲಾಗಿರಬೇಕೆಂದು ನಾವು ಅಂದುಕೊಂಡೆವು. ಕೊನೆಗೆ ಸೋಮವಾರ ಮೇಷ್ಟ್ರು ಡಿಪೋಗೆ ಹೋಗಿ ಕೇಳಿದರು. ಅಲ್ಲಿಂದ ನೇರ ನನ್ನ ಕೋಣೆಗೆ ಬಂದು ಚಪ್ಪಲಿ ಬಿಡುವುದನ್ನೂ ಮರೆತು ನಿಂತರು. ಸರ್ಕಾರಿ ಆಸ್ಪತ್ರೆಗೆ ಸೇರಿಸಿದ್ದಾರೆ, ಹೊಟ್ಟೆಯಲ್ಲಿ ಗಡ್ಡೆ ಎಂದರು. ನನ್ನ ಕೈಯಲ್ಲಿದ್ದ ಮೇಣದ ಚಾಕು ಎಲ್ಲಿ ಬಿತ್ತೋ, ಆಮೇಲೆ ಹುಡುಕಿದರೂ ಸಿಗಲಿಲ್ಲ.

ಆಸ್ಪತ್ರೆಯಲ್ಲಿ ಅವನಿಗೆ ಪ್ರಜ್ಞೆ ಇರಲಿಲ್ಲ. ಬಾಯಿಯ ಸೆಟ್ಟು ತೆಗೆದು ತಲೆಯ ಹತ್ತಿರ ಒಂದು ಡಬ್ಬಿಯಲ್ಲಿ ಇಟ್ಟಿದ್ದರು. ಹಲ್ಲಿಲ್ಲದೆ ಮುಖ ಕುಸಿದು, ಎಂಬತ್ತರ ಮುದುಕನ ಹಾಗೆ ಕಾಣುತ್ತಿದ್ದ. ನಿನ್ನೆಯವರೆಗೂ ಒಂದೊಂದು ಮಾತಾಡುತ್ತಿದ್ದರು, ಯಾರಾದರೂ ಬಂದರಾ ಎಂದು ಕೇಳುತ್ತಿದ್ದರು ಎಂದಳು ನರ್ಸು. ಇನ್ನು ದಿನ ಎಷ್ಟು ಎಂದು ಕೇಳಿದರೆ, ಅವರ ಕಡೆಯವರು ಯಾರಾದರೂ ಇದ್ದರೆ ಬೇಗ ಬರಹೇಳಿ ಎಂದಷ್ಟೇ ಹೇಳಿ ಹೋದಳು.

ಅವನ ಕಡೆಯವರು. ಒಬ್ಬಳು ಮಗಳು ಇದ್ದಾಳೆ ಎಂದಿದ್ದ. ಎಲ್ಲಿದ್ದಾಳೆ ಎಂದಿದ್ದನಲ್ಲ? ನನಗೆ ನೆನಪಾಗಲಿಲ್ಲ, ನೋಡಿ. ನನ್ನದೇ ನಗು ನೆನಪಿತ್ತು, ಅವನ ಮಾತು ಮರೆತಿತ್ತು. ಆಗ ಮೇಷ್ಟ್ರು ಚೀಲದಿಂದ ಆ ನೋಟ್‌ಬುಕ್ಕು ತೆಗೆದರು. ಹಾಳೆ ತಿರುವಿದ್ದು ನಾನು. ಡ್ರೈವರ್, ಸಾಯುವ ಸೀನು, ಎರಡು ಮಾರ್ಕು. ಅದರ ಕೆಳಗೆ ಮೇಷ್ಟ್ರ ಗುಂಡು ಅಕ್ಷರದಲ್ಲಿ ಕೆಂಪು ಸಾಲು: ತಪ್ಪು, ಅನವಶ್ಯಕ ವಿವರ, ಬಸ್ ಸ್ಟ್ಯಾಂಡ್ ಹಿಂದಿನ ಬಟ್ಟೆ ಅಂಗಡಿ, ಮೇಲಿನ ಮಹಡಿ, ಆಲ್ಟರೇಶನ್.

ಅವನ ಮಗಳ ವಿಳಾಸ ಉಳಿದದ್ದು ಹೀಗೆ. ನಾವು ತಪ್ಪೆಂದು ಬರೆದಿಟ್ಟುಕೊಂಡಿದ್ದರಿಂದ.

ಅಲ್ಲಿಂದಲೇ ಅಂಗಡಿಗೆ ಓಡಿದೆ. ಮೇಲಿನ ಮಹಡಿಯ ಮೂಲೆಯಲ್ಲಿ ಎರಡು ಹೊಲಿಗೆ ಮಿಷನ್ನು, ಕತ್ತಿನಲ್ಲಿ ಅಳತೆ ಟೇಪು ಹಾಕಿಕೊಂಡು ಮೂವತ್ತರ ಆಸುಪಾಸಿನ ಒಬ್ಬಳು ಪ್ಯಾಂಟಿನ ಕಾಲು ಮಡಿಸಿ ಪಿನ್ನು ಚುಚ್ಚುತ್ತಿದ್ದಳು. ಯಾರು ಎಂದು ಕೇಳುವುದೇ ಬೇಡವಾಯಿತು. ಬಾಯಿಯ ಕಟ್ಟು ಅಪ್ಪನದೇ. ನಾನು ಒಂದೇ ಉಸಿರಿಗೆ ಹೇಳಿದೆ. ನಿಮ್ಮಪ್ಪನಿಗೆ ಹುಷಾರಿಲ್ಲ, ಡಾಕ್ಟರು ಕೈಬಿಟ್ಟಿದ್ದಾರೆ, ಸಾಯುವ ಮೊದಲು ನಿನ್ನನ್ನು ನೋಡಬೇಕಂತೆ. ಹೇಳುತ್ತಿರುವಾಗಲೇ ನನ್ನ ಕಿವಿಗೇ ಅದು ನಮ್ಮ ಮೂಟೆಯ ಯಾವುದೋ ಡಿಸ್ಕಿನ ಮಾತಿನ ಹಾಗೆ ಕೇಳಿಸಿತು.

ಅವಳು ಬಾಯಲ್ಲಿದ್ದ ಪಿನ್ನು ತೆಗೆದಳು.

"ಒಳ್ಳೆ ಡೈಲಾಗು ಆಂಟಿ. ನಂಗೆ ಹನ್ನೆರಡು ವರ್ಷ ಆದಾಗ ಬಿಟ್ಟು ಹೋದ್ರು. ಅಮ್ಮ ಸತ್ತಾಗ ಬರಲಿಲ್ಲ. ಇದೆಲ್ಲ ನಾನು ಸಿನಿಮಾದಲ್ಲಿ ನೋಡಿದೀನಿ, ಹೋಗಿ."

ಇದು ನಿಜ ಕಣಮ್ಮಾ ಎಂದೆ. ಸಿನಿಮಾದಲ್ಲೂ ಹಾಗೇ ಹೇಳುತ್ತಾರೆ. ಅವಳು ಮಿಷನ್ನಿಗೆ ಕಾಲು ಕೊಟ್ಟಳು, ನನ್ನ ಮಾತು ಆ ಸದ್ದಿನಲ್ಲಿ ಮುಚ್ಚಿಹೋಯಿತು. ಆಸ್ಪತ್ರೆಯ ವಾರ್ಡು, ಮಂಚದ ನಂಬರು ಒಂದು ಚೀಟಿಯಲ್ಲಿ ಬರೆದು ಅವಳ ಕತ್ತರಿಯ ಕೆಳಗೆ ಇಟ್ಟು ಬಂದೆ. ಮೆಟ್ಟಿಲಿಳಿಯುವಾಗ ನನಗೆ ನನ್ನ ಮೇಲೇ ಹೇಸಿಗೆಯಾಯಿತು. ಎರಡು ತಿಂಗಳ ಹಿಂದೆ, ಅವನು ತನ್ನ ಕಾಲ ಮೇಲೆ ನಿಂತು ಮಾತಾಡುತ್ತಿದ್ದಾಗ ಬಂದಿದ್ದರೆ, ಅವಳು ಒಂದು ಸಲವಲ್ಲ ಹತ್ತು ಸಲ ಬೈದು ಕಳಿಸಿದ್ದರೂ ಹನ್ನೊಂದನೆಯ ಸಲ ಹೋಗುವುದಕ್ಕೆ ದಿನ ಇರುತ್ತಿತ್ತು.

ಮಂಗಳವಾರ ಅವಳು ಬರಲಿಲ್ಲ. ಬುಧವಾರ ಬೆಳಿಗ್ಗೆ ಒಂಬತ್ತು ಗಂಟೆಗೆ ಡ್ರೈವರ್ ಹೋದ. ಕೆಮ್ಮಲಿಲ್ಲ, ಯಾರ ಕೈಯನ್ನೂ ಹಿಡಿಯಲಿಲ್ಲ, ಒಂದು ಉಸಿರು ಬಂದು ಇನ್ನೊಂದು ಬರಲಿಲ್ಲ ಅಷ್ಟೇ. ಮೇಷ್ಟ್ರು ಗೋಡೆ ಕಡೆ ತಿರುಗಿ ನಿಂತು ಅತ್ತರು. ನಾನು ಡಬ್ಬಿಯಿಂದ ಸೆಟ್ಟು ತೆಗೆದು, ನಲ್ಲಿಯಲ್ಲಿ ತೊಳೆದು, ಅವನ ಬಾಯಿಗೆ ಹಾಕಿದೆ. ಮಗಳು ಬಂದರೆ ಅಪ್ಪನ ಗುರುತಾದರೂ ಸಿಗಲಿ ಎಂದು. ನಾನು ಕೈಯಾರೆ ಮಾಡಿದ ಸೆಟ್ಟು, ಒಂದೂವರೆ ತಿಂಗಳ ಹಿಂದೆ ಸರಿಪಡಿಸಿದ್ದು, ನಿಲ್ಲಲಿಲ್ಲ. ಜಾರಿ ಜಾರಿ ಬಂತು. ಗಲ್ಲದ ಕೆಳಗೆ ಟವಲ್ಲು ಸುತ್ತಿಟ್ಟು ಬಾಯಿ ಮುಚ್ಚಿಸಿದೆ.

ಹನ್ನೊಂದು ಗಂಟೆಗೆ ಅವಳು ಬಂದಳು. ಟೇಪು ಇನ್ನೂ ಕತ್ತಿನಲ್ಲೇ ಇತ್ತು. ಮಂಚದ ಪಕ್ಕ ನಿಂತು ನೋಡಿದಳು, ಅಳಲಿಲ್ಲ. ನನ್ನ ಕಡೆ ನೋಡದೆ, "ನನ್ನನ್ನ ನೋಡ್ಬೇಕು ಅಂತ ನಿಜವಾಗಿಯೂ ಕೇಳಿದ್ರಾ?" ಎಂದಳು. ಹೌದು ಎಂದೆ. ಯಾವಾಗ ಎಂದಳು.

ಮೊನ್ನೆ ಎನ್ನಬಹುದಿತ್ತು. ನಾಲಗೆ ತುದಿಯವರೆಗೂ ಬಂದಿತ್ತು. ಮೇಷ್ಟ್ರು ನನ್ನನ್ನೇ ನೋಡುತ್ತಿದ್ದರು.

"ಎರಡು ತಿಂಗಳಾಯ್ತಮ್ಮಾ. ನಮಗೆ ಹೇಳಿದ್ದ, ಕರ್ಕೊಂಡು ಬನ್ನಿ ಅಂತ. ಆಟ ಆಡ್ತಿದಾನೆ ಅಂದ್ಕೊಂಡ್ವಿ. ನಕ್ಕುಬಿಟ್ವಿ."

"ಆಗ ಚೆನ್ನಾಗಿ ಮಾತಾಡ್ತಿದ್ರಾ?"

"ಚೆನ್ನಾಗಿ ಮಾತಾಡ್ತಿದ್ದ."

ಮೇಷ್ಟ್ರಿಗೆ ಏನನ್ನಿಸಿತೋ, ಚೀಲದಿಂದ ನೋಟ್‌ಬುಕ್ಕು ತೆಗೆದು ಆ ಹಾಳೆ ತೆರೆದು ಅವಳ ಕೈಗೆ ಕೊಟ್ಟರು. ಅಪ್ಪ ಅವಳ ಸುದ್ದಿ ಎತ್ತಿದ್ದಕ್ಕೆ ಲೋಕದಲ್ಲಿ ಇದ್ದ ಸಾಕ್ಷಿ ಅದೊಂದೇ. ಅವಳು ನಿಧಾನವಾಗಿ ಓದಿದಳು. ತನ್ನ ಅಂಗಡಿ, ತನ್ನ ಮಹಡಿ, ತನ್ನ ಕೆಲಸ. ಆಮೇಲೆ ಬೆರಳು ಸಾಲಿನ ಮೇಲಕ್ಕೆ ಹೋಗಿ ಒಂದು ಕಡೆ ನಿಂತಿತು.

"ಈ ಎರಡು ಅಂದ್ರೆ ಏನು ಆಂಟಿ?"

ನಾನು ಹೇಳಿದೆ. ಅದು ನಾನು ಕೊಟ್ಟ ಮಾರ್ಕು, ಹತ್ತಕ್ಕೆ ಎಂದೆ.