ನೋಯದ ಗಂಟು

ಕೆಮ್ಮು ಬಂದಿದ್ದು ಅತ್ತೆಗೆ. ಮಗ ಹಡಗಿನ ಕೆಲಸದಲ್ಲಿ ದೂರವಿದ್ದ, ಮನೆಯಲ್ಲಿ ಇದ್ದದ್ದು ಅತ್ತೆ ಸೊಸೆ ಇಬ್ಬರೇ. ಬಸ್ ಓಡಿಸುವ ಸೊಸೆಯೇ ರಜೆ ಹಾಕಿ ಅತ್ತೆಯನ್ನು ಆಸ್ಪತ್ರೆಗೆ ಕರೆತಂದಿದ್ದಳು.

“ಬರೀ ನೆಗಡಿ, ಗಾಬರಿಯೇನಿಲ್ಲ” ಎಂದ ವೈದ್ಯೆ ಔಷಧಿ ಬರೆಯುತ್ತಾ ತಲೆಯೆತ್ತಿದರು. ಕಣ್ಣು ಸೊಸೆಯ ಕೊರಳಲ್ಲೇ ನಿಂತಿತು.

“ನಿಮ್ಮ ಕತ್ತಲ್ಲಿ ಅದೇನು?”

“ಇದಾ? ಸುಮ್ಮನೆ ಗಂಟು. ನೋವೇ ಇಲ್ಲ, ಡಾಕ್ಟ್ರೇ.”

“ನೋವಿಲ್ಲ ಅನ್ನೋದೇ ನಂಗೆ ಸರಿಕಾಣ್ತಿಲ್ಲ. ಇಲ್ಲಿ ಕೂತ್ಕೊಳ್ಳಿ.”

ಕತ್ತು, ಕಂಕುಳು ಒತ್ತಿ ನೋಡಿದರು. ಕಂಕುಳಲ್ಲೂ ಗಂಟುಗಳಿದ್ದವು. ರಾತ್ರಿ ಬೆವರುತ್ತೀರಾ ಎಂದು ಕೇಳಿದರು. ಹಾಸಿಗೆ ತೊಯ್ಯುವಷ್ಟು ಬೆವರುತ್ತಿದ್ದಳು. ಇಂಜಿನ್ ಕಾವು ಮೈಗೆ ಹತ್ತಿದೆ ಅಂದುಕೊಂಡಿದ್ದಳು. ತೂಕವೂ ಇಳಿದಿತ್ತು. ಡಿಪೋದಲ್ಲಿ ಎಲ್ಲರೂ ಸಣ್ಣಗಾಗಿ ಒಳ್ಳೆ ಕಾಲೇಜು ಹುಡುಗಿ ಥರ ಆಗಿದ್ದೀಯ ಎಂದಾಗ ಉಬ್ಬಿಹೋಗಿದ್ದಳು.

ಕತ್ತಿನ ಗಂಟಿನಿಂದ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಫಲಿತಾಂಶ ಬಂದ ದಿನ ವೈದ್ಯೆ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡರು.

“ಇದು ಲಿಂಫೋಮಾ. ಒಂದು ಥರದ ಕ್ಯಾನ್ಸರ್.”

ವೈದ್ಯೆಯ ತುಟಿ ಆಡುತ್ತಿತ್ತು, ಮಾತು ಸೊಸೆಯ ಕಿವಿಗೆ ಬೀಳಲಿಲ್ಲ. ಬಾಯಿಬಿಟ್ಟದ್ದು ಅತ್ತೆಯೇ.

“ಕೆಮ್ಮಿದ್ದು ನಾನು! ಇವಳಿಗೆ ಹೇಗೆ ಬಂತು? ಸರಿಯಾಗಿ ನೋಡಿದ್ರಾ?”

“ನೋಡಿದ್ದೀವಿ, ಅಮ್ಮ. ರಕ್ತನಾಳದ ಹಾಗೇ ಮೈಯೆಲ್ಲ ಇನ್ನೊಂದು ನಾಳಗಳ ಜಾಲ ಇದೆ. ಅದರಲ್ಲಿ ನೀರಿನಂಥ ದ್ರವ ಹರಿಯತ್ತೆ. ದಾರಿಯುದ್ದಕ್ಕೂ ಸಣ್ಣ ಸಣ್ಣ ಗ್ರಂಥಿಗಳಿವೆ. ಅಲ್ಲಿ ಕೂತು ರೋಗ ತಡೆಯೋ ಬಿಳಿಕಣಗಳೇ ಈಗ ಹಿಡಿತ ತಪ್ಪಿ ಬೆಳೀತಿವೆ.”

“ಅಂದ್ರೆ, ಕಾಯಬೇಕಾದವೇ…” ಎಂದಳು ಸೊಸೆ.

“ಹೌದು. ಆದ್ರೆ ನಿಮಗಿರೋ ಬಗೆ ಔಷಧಿಗೆ ಚೆನ್ನಾಗಿ ಬಗ್ಗತ್ತೆ. ನಾಳೆಯಿಂದ್ಲೇ ತಯಾರಿ ಶುರು ಮಾಡೋಣ.”

ಹೊರಗೆ ಬಂದು ಅವಳು ತನ್ನದೇ ಕತ್ತನ್ನು ಮುಟ್ಟಲು ಹೆದರಿದಳು. ಅತ್ತೆ ಅವಳ ಕೈ ಹಿಡಿದುಕೊಂಡರು. ಹಾಗೆ ಹಿಡಿದದ್ದು ಮದುವೆಯಾದ ಮೇಲೆ ಅದೇ ಮೊದಲು.

ಔಷಧಿ ಹನಿಹನಿಯಾಗಿ ನರಕ್ಕೆ ಇಳಿಯತೊಡಗಿತು. ಕೂದಲು ಉದುರಿತು, ಬಾಯಿ ಹುಣ್ಣಾಯಿತು, ಅನ್ನ ಕಂಡರೆ ಹೊಟ್ಟೆ ತೊಳೆಸುತ್ತಿತ್ತು. ಅತ್ತೆ ಗದರುತ್ತಲೇ ಗಂಜಿ ಕುಡಿಸಿದರು.

ನಡುವೆ ಒಮ್ಮೆ ಸ್ಕ್ಯಾನ್ ಆಯಿತು. “ಗಂಟುಗಳು ಹೆಚ್ಚುಕಡಿಮೆ ಕರಗಿವೆ. ಚಿಕಿತ್ಸೆ ಮಾತ್ರ ಪೂರ್ತಿ ಮುಗಿಸಲೇಬೇಕು” ಎಂದರು ವೈದ್ಯೆ.

ನಗಬೇಕಿತ್ತು, ನಗು ಬರಲಿಲ್ಲ. ಹೊರಗೆ ಬಂದವಳೇ ಸೊಸೆ ಕಾರಿಡಾರಿನ ನೆಲದ ಮೇಲೇ ಕೂತುಬಿಟ್ಟಳು. ಅತ್ತೆಯೂ ಗೋಡೆ ಹಿಡಿದು ಮೆಲ್ಲಗೆ ಪಕ್ಕದಲ್ಲಿ ಕೂತರು.

“ಏಳೋಣ್ವಾ?” ಎಂದಳು ಸೊಸೆ.

“ತಾಳು, ನಂಗೂ ಕಾಲಲ್ಲಿ ಬಲ ಇಲ್ಲ” ಎಂದರು ಅತ್ತೆ.